ಗುರುಮುಖವೂ ಶಿಷ್ಯಮುಖವೂ

ವಿದ್ಯೆಯು ಗುರುಮುಖದಿಂದಲೇ ಬರತಕ್ಕದ್ದೆಂದು ನಮ್ಮ ಹಿರಿಯರು ಬಹುಕಾಲದಿಂದ ಹೇಳುತ್ತ ಬಂದಿರುವರು. ಮುಖವೆಂಬ ಶಬ್ದಕ್ಕೆ ಮೋರೆಯೆಂಬ ಅರ್ಥವೂ ಉಂಟು, ಬಾಯಿಯೆಂಬ ಅರ್ಥವೂ ಉಂಟು. ಗುರುವಿನ ಬಾಯಿಂದ ಹೊರಟ ಮಾತು ಶಿಷ್ಯನ ಕಿವಿಗೆ ಬೀಳಬೇಕು. ಗುರುವಿನ ಮೋರೆಯಲ್ಲಿ ಮೂಡಿದ ಭಾವವು ಶಿಷ್ಯನ ಕಣ್ಣಿಗೆ ಕಾಣಬೇಕು. ಆಗ ಪಾಠವು ಪೂರ್ಣವಾಯಿತೆಂದು ಅವರ ಎಣಿಕೆ. ಆದರೆ ಭಾಷೆಯ ಪಾಠಕ್ಕೆ ಇಷ್ಟೇ ಸಾಲದು. ಚರಿತ್ರೆಯನ್ನು ಕೇಳಿ ತಿಳಿಯಬಹುದು. ಗಣಿತವನ್ನು ಮೌನವಾಗಿ ಕುಳಿತು ಬಿಡಿಸಬಹುದು. ಭಾಷೆಯನ್ನು ಮಾತ್ರ ಆಡಿಯೇ ಕಲಿಯಬೇಕು. ಅದಕ್ಕೆ ಗುರುಮುಖವೆಷ್ಟು ಬೇಕೋ ಶಿಷ್ಯಮುಖವೂ ಅಷ್ಟೇ ಬೇಕು. ವಿದ್ಯಾರ್ಥಿಯ ಬಾಯಿ ತೆರೆಯದ ತರಗತಿಯಲ್ಲಿ ಇಂಗ್ಲಿಷಿನ ವ್ಯಾಕರಣ ಬಂದೀತು, ಇಂಗ್ಲಿಷು ಬಾರದು.

ಈ ಮಾತನ್ನು ಈಗ ಎತ್ತಲು ಕಾರಣವುಂಟು. 2020 ರ ಮಾರ್ಚ್ ತಿಂಗಳಲ್ಲಿ ಕೋವಿಡ್ ಸಾಂಕ್ರಾಮಿಕದ ದೆಸೆಯಿಂದ ದೇಶದ ಶಾಲೆಗಳೆಲ್ಲ ಬಾಗಿಲು ಮುಚ್ಚಿದವು. ಆ ತಿಂಗಳ 25 ರಿಂದ ಇಡೀ ದೇಶಕ್ಕೆ ಲಾಕ್‌ಡೌನ್ ಬಂದಿತು. ನಡುನಡುವೆ ಅಲ್ಲಲ್ಲಿ ಕೆಲವು ತರಗತಿಗಳು ತೆರೆದು ಮತ್ತೆ ಮುಚ್ಚಿದುದನ್ನು ಬಿಟ್ಟರೆ, ಮಹಾರಾಷ್ಟ್ರದ ನಗರಗಳಲ್ಲಿ ಎಂಟರಿಂದ ಹನ್ನೆರಡರವರೆಗಿನ ತರಗತಿಗಳೂ ಹಳ್ಳಿಗಳಲ್ಲಿ ಐದರಿಂದ ಹನ್ನೆರಡರವರೆಗಿನ ತರಗತಿಗಳೂ ಮರಳಿ ಆರಂಭವಾದುದು 2021 ರ ಅಕ್ಟೋಬರ್ 4 ರಂದು. ಇಂದು ಮೇಲಿನ ತರಗತಿಗಳಲ್ಲಿರುವ ನಿಮ್ಮಲ್ಲಿ ಅನೇಕರು ಆಗ ಅಕ್ಷರ ಕೂಡಿಸಿ ಓದುವ ವಯಸ್ಸಿನವರು. ಆ ಒಂದೂವರೆ ವರ್ಷ ಶಿಕ್ಷಕರು ಅಂಗೈಯಗಲದ ಮೊಬೈಲಿನೊಳಗಿಂದ ನಿಮಗೆ ಪಾಠ ಹೇಳಿದರು. ಎಲ್ಲ ವಿಷಯಗಳ ಶಿಕ್ಷಕರಿಗೂ ಅದು ಕಷ್ಟದ ಕಾಲವೇ. ಆದರೆ ಇಂಗ್ಲಿಷ್ ಹೇಳಿಕೊಡುವವರಿಗೆ ಬಂದ ಕಷ್ಟವು ಬೇರೆಯ ಜಾತಿಯದು. ಅದರಿಂದ ಅವರು ಕಲಿತ ಪಾಠವೂ ಬೇರೆಯದು. ಆ ಅನುಭವವನ್ನು ಶೋಧಿಸಿ ನೋಡಿ, ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ನಿಮ್ಮೊಡನೆ ವಿಚಾರಿಸುವುದೇ ಈ ಲೇಖನದ ಉದ್ದೇಶ.

ಶಾಲೆಗಳು ತೆರೆದುವು, ಆದರೆ ಆನ್‌ಲೈನ್ ಪಾಠವು ಮಾತ್ರ ಮರಳಿ ಹೋಗಲಿಲ್ಲ. ಸಂಜೆಯಾಯಿತೆಂದರೆ ಮೊಬೈಲಿನಲ್ಲಿ ಇಂಗ್ಲಿಷ್ ಕಲಿಸುವ ತರಗತಿಗಳು, ದುಡ್ಡು ಕಟ್ಟಿಸಿಕೊಂಡು ನಡೆಸುವ ಆ್ಯಪ್‌ಗಳು, ಮನುಷ್ಯನಂತೆಯೇ ಇಂಗ್ಲಿಷಿನಲ್ಲಿ ಮಾತಾಡಿಸುವ ಯಂತ್ರಗಳು ನಮ್ಮ ಮನೆಗಳ ಬಾಗಿಲು ತಟ್ಟುತ್ತಿರುವುವು. ಕನ್ನಡ ಶಾಲೆಗೆ ಮಗುವನ್ನು ಕಳಿಸಿರುವ ತಂದೆತಾಯಿಗಳ ಮನಸ್ಸಿನಲ್ಲಿ ಒಂದು ಅಂಜಿಕೆ ಸದಾ ಇರುತ್ತದೆ. ತಮ್ಮ ಮಗು ಇಂಗ್ಲಿಷಿನಲ್ಲಿ ಹಿಂದುಳಿದೀತೆಂಬ ಆ ಅಂಜಿಕೆಯೇ ಎಷ್ಟೋ ಹೆಸರುಗಳನ್ನು ಕನ್ನಡ ಶಾಲೆಯ ಹಾಜರಿ ಪುಸ್ತಕದಿಂದ ಅಳಿಸಿ ಇಂಗ್ಲಿಷ್ ಶಾಲೆಯ ಪುಸ್ತಕದಲ್ಲಿ ಬರೆಯಿಸುವುದು. ಆದುದರಿಂದ ಕನ್ನಡ ಶಾಲೆಯ ಮಗು ಇಂಗ್ಲಿಷನ್ನು ಹೇಗೆ ಚೆನ್ನಾಗಿ ಕಲಿತೀತೆಂಬ ಪ್ರಶ್ನೆಯು ಕೇವಲ ಇಂಗ್ಲಿಷಿನ ಪ್ರಶ್ನೆಯಾಗಿ ಉಳಿಯದೆ, ಹೊರನಾಡಿನಲ್ಲಿ ಕನ್ನಡ ಶಾಲೆಯ ಅಳಿವು ಉಳಿವಿನ ಪ್ರಶ್ನೆಯೂ ಆಗಿದೆ.

ದೂರದಿಂದ ಪಾಠ ಹೇಳುವುದು ನಮ್ಮ ನಾಡಿಗೆ ಹೊಸತಲ್ಲ. 1975 ರ ಆಗಸ್ಟ್ 1 ರಿಂದ 1976 ರ ಜುಲೈ 31 ರವರೆಗೆ ಭಾರತ ಸರಕಾರವು ಅಮೆರಿಕದ ಉಪಗ್ರಹವೊಂದರ ನೆರವಿನಿಂದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ದೂರದರ್ಶನದ ಮೂಲಕ ಶಿಕ್ಷಣ ಕೊಡುವ ಪ್ರಯೋಗವನ್ನು ನಡೆಸಿತು. ಕರ್ನಾಟಕದಲ್ಲಿ ಅದಕ್ಕಾಗಿ ಆರಿಸಿದ್ದು ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳನ್ನು. ಬೆಳಿಗ್ಗೆ ಶಾಲಾಮಕ್ಕಳಿಗೆ, ಸಂಜೆ ಹಿರಿಯರಿಗೆ ಕನ್ನಡದಲ್ಲಿ ಕಾರ್ಯಕ್ರಮಗಳು ಬರುತ್ತಿದ್ದುವು. ಅದಕ್ಕೂ ಮೊದಲು ಆಕಾಶವಾಣಿಯ ಶಾಲಾ ಪಾಠಗಳು ಇದ್ದೇ ಇದ್ದುವು. ಆದರೆ ಬಾನುಲಿಯಾಗಲಿ ದೂರದರ್ಶನವಾಗಲಿ ಒಂದೇ ದಿಕ್ಕಿಗೆ ಹರಿಯುವ ಕಾಲುವೆಯಂತೆ. ಗುರುವಿನ ಮಾತು ಮಗುವಿಗೆ ಮುಟ್ಟುವುದು. ಮಗುವಿನ ಮಾತು ಗುರುವಿಗೆ ಮುಟ್ಟದು. 2020 ರ ಜುಲೈನಲ್ಲಿ ಕರ್ನಾಟಕದಲ್ಲಿ ಚಂದನ ವಾಹಿನಿಯ ಮೂಲಕ ಪ್ರೌಢಶಾಲೆಯ ಪಾಠಗಳು ಬರತೊಡಗಿದಾಗಲೂ ಇದೇ ಸ್ಥಿತಿ. ಅದನ್ನು ಅರಿತೇ ಏನೋ, ಆ ವರ್ಷದ ಆಗಸ್ಟ್‌ನಲ್ಲಿ ಅಲ್ಲಿನ ಶಿಕ್ಷಕರು ‘ವಿದ್ಯಾಗಮ’ವೆಂಬ ಯೋಜನೆಯಡಿಯಲ್ಲಿ ಓಣಿ ಓಣಿಗೆ ಹೋಗಿ, ಗುಡಿಯ ಕಟ್ಟೆಯ ಮೇಲೂ ಮರದಡಿಯಲ್ಲೂ ಮಕ್ಕಳನ್ನು ಕೂಡಿಸಿ ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದೂ ನಿಂತಿತು.

ಮೊಬೈಲಿನ ಪಾಠದಲ್ಲಿ ಹೊಸತಾದುದು ಒಂದೇ: ಇಲ್ಲಿ ಮಗುವೂ ಮರಳಿ ಮಾತನಾಡಬಹುದು. ಕಾಲುವೆಯು ಎರಡೂ ದಿಕ್ಕಿಗೆ ಹರಿಯಬಹುದು. ಹಾಗಾದರೆ ಮಗು ಮಾತನಾಡಿತೇ? ಇಂಗ್ಲಿಷ್ ಶಿಕ್ಷಕರು ತಮ್ಮತಮ್ಮಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ಮೊದಲು ಕಳೆದುಕೊಂಡುದನ್ನು ನೋಡೋಣ. ನಮ್ಮ ಕನ್ನಡ ಶಾಲೆಗಳಲ್ಲಿ ಮಗ್ಗಿಯಿಂದ ಹಿಡಿದು ಪದ್ಯದವರೆಗೆ ಎಲ್ಲವನ್ನೂ ಸಾಮೂಹಿಕವಾಗಿ ಹೇಳಿಸುವ ರೂಢಿಯುಂಟು. ಹೊಸ ಶಿಕ್ಷಣ ಪಂಡಿತರು ಇದನ್ನು ಗಿಳಿಪಾಠವೆಂದು ಹಳಿಯುವುದುಂಟು. ಆದರೆ ಇಂಗ್ಲಿಷಿನ ತರಗತಿಯಲ್ಲಿ ಇದಕ್ಕೆ ದೊಡ್ಡ ಬೆಲೆಯಿದೆ. ನಲವತ್ತು ಮಕ್ಕಳು ಒಟ್ಟಾಗಿ ಒಂದು ವಾಕ್ಯವನ್ನು ಓದುವಾಗ, ನಾಚಿಕೆಯ ಮಗುವೂ ಆ ದನಿಯ ಮರೆಯಲ್ಲಿ ನಿಂತು ಬಾಯಿ ತೆರೆಯುತ್ತದೆ. ತಪ್ಪಿದರೆ ಯಾರಿಗೂ ಕೇಳಿಸದು, ಸರಿಯಾದರೆ ತನಗೆ ತಾನೇ ಕೇಳಿಸುವುದು. ಹತ್ತು ಸಲ ಹಾಗೆ ಆಡಿದ ಮೇಲೆ ಹನ್ನೊಂದನೆಯ ಸಲ ಒಂಟಿಯಾಗಿ ಆಡಲು ಧೈರ್ಯ ಬರುತ್ತದೆ. ‘ಹಾಡುತ್ತ ಹಾಡುತ್ತ ರಾಗ’ ಎಂದು ಗಾದೆಯಿಲ್ಲವೆ?

ಮೊಬೈಲಿನ ತರಗತಿಯಲ್ಲಿ ಈ ಸಾಮೂಹಿಕ ವಾಚನವು ಸಾಧ್ಯವಿಲ್ಲ. ಒಬ್ಬೊಬ್ಬರ ದನಿಯೂ ಬೇರೆ ಬೇರೆ ದಾರಿಯಿಂದ, ಬೇರೆ ಬೇರೆ ವಿಳಂಬದಿಂದ ಬಂದು ಮುಟ್ಟುವುದು. ಒಬ್ಬನ ‘ಗುಡ್ ಮಾರ್ನಿಂಗ್’ ಮುಗಿದ ಮೇಲೆ ಇನ್ನೊಬ್ಬಳದು ಆರಂಭವಾಗುವುದು. ಅಲ್ಲದೆ ಇಂಥ ಸಭೆಗಳನ್ನು ನಡೆಸುವ ಆ್ಯಪ್‌ಗಳು ಸಾಮಾನ್ಯವಾಗಿ ಹೆಚ್ಚು ಗಟ್ಟಿಯಾದ ಒಂದು ದನಿಯನ್ನು ಎತ್ತಿಹಿಡಿದು ಉಳಿದವನ್ನು ಅಡಗಿಸುವುವು. ಗದ್ದಲವಾದೀತೆಂದು ಎಲ್ಲರ ಮೈಕನ್ನೂ ಬಂದ್ ಮಾಡಿಸಬೇಕಾಗುವುದು. ಆಮೇಲೆ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯಬೇಕು. ಹೆಸರು ಕರೆದ ಮಗುವು ನಲವತ್ತು ಮನೆಗಳ ಕಿವಿಯೆದುರು ಒಂಟಿಯಾಗಿ ನಿಂತಂತಾಗುವುದು. ಅದರ ಹಿಂದೆ ತಾಯಿ ಪಾತ್ರೆ ತೊಳೆಯುತ್ತಿರುವರು, ಪಕ್ಕದಲ್ಲಿ ಅಣ್ಣ ನಗುತ್ತಿರುವನು. ‘ಸರ್, ಆವಾಜ್ ಬರವಲ್ದು’ ಎಂಬ ಒಂದು ಮಾತು ಆ ದಿನಗಳಲ್ಲಿ ಎಷ್ಟು ಮಕ್ಕಳಿಗೆ ಆಸರೆಯಾಯಿತೋ! ಅದರಲ್ಲಿ ಅರ್ಧ ನಿಜವಾಗಿಯೂ ನೆಟ್‌ವರ್ಕಿನ ದೋಷ, ಉಳಿದರ್ಧ ಅಂಜಿಕೆ. ಶಿಕ್ಷಕರಿಗೆ ಇವೆರಡನ್ನೂ ಬೇರ್ಪಡಿಸಿ ತಿಳಿಯುವ ಉಪಾಯವಿರಲಿಲ್ಲ. ತರಗತಿಯಲ್ಲಾದರೆ ಮಗುವಿನ ಕಣ್ಣು ನೋಡಿದೊಡನೆ ತಿಳಿಯುತ್ತಿತ್ತು. ಪರದೆಯ ಮೇಲಿನ ಕರಿಯ ಚೌಕದಲ್ಲಿ ಕಣ್ಣೆಲ್ಲಿಯದು?

ಎರಡನೆಯದು ಧ್ವನಿಯ ವಿಚಾರ. ‘ಫ್ಯಾನ್’ ಎಂಬ ಮಾತಿನ ಮೊದಲ ಧ್ವನಿಯು ನಮ್ಮ ‘ಫಲ’ದ ಫಕಾರವಲ್ಲ, ಮೇಲಿನ ಹಲ್ಲುಗಳು ಕೆಳತುಟಿಯನ್ನು ಮುಟ್ಟಿ, ನಡುವೆ ಉಸಿರು ನುಸುಳಿದಾಗ ಅದು ಹುಟ್ಟುವುದು. ಇದನ್ನು ಬಾಯಿಂದ ಹೇಳಿದರೆ ಸಾಲದು, ಬಾಯನ್ನು ತೋರಿಸಬೇಕು. ಹಳೆಯ ಬಗೆಯ ದೂರವಾಣಿ ವ್ಯವಸ್ಥೆಯು 300 ರಿಂದ 3400 ಹರ್ಟ್ಸ್‌ವರೆಗಿನ ಕಂಪನಗಳನ್ನು ಮಾತ್ರ ಸಾಗಿಸುವಂತೆ ಏರ್ಪಟ್ಟುದು. ಸಕಾರವನ್ನು ಈ ಇಂಗ್ಲಿಷ್ ಫಕಾರದಿಂದ ಬೇರ್ಪಡಿಸುವ ಗುರುತುಗಳು ಬಹುಮಟ್ಟಿಗೆ ಆ ಎಲ್ಲೆಯನ್ನು ಮೀರಿದ ಕಂಪನಗಳಲ್ಲಿ ಇರುವುವು. ಆದುದರಿಂದಲೇ ಅಂಥ ಕರೆಯಲ್ಲಿ ‘ಫೆಲ್’ ಎಂದರೂ ‘ಸೆಲ್’ ಎಂದರೂ ಒಂದೇ ಬಗೆಯಾಗಿ ಕೇಳುವುದು. ಎದುರಿಗಿದ್ದರೆ ತುಟಿ ನೋಡಿ ತಿಳಿಯುವ ಮಗುವು, ನಿಂತು ನಿಂತು ಓಡುವ ಚಿತ್ರದಲ್ಲಿ ಏನನ್ನು ನೋಡೀತು? ಇಂಗ್ಲಿಷಿನ ಉಚ್ಚಾರವನ್ನು ಬರಿಯ ಫೋನ್ ಕರೆಯಿಂದ ತಿದ್ದಲು ಹೋದವರು ಎಷ್ಟು ಕೂಗಿದರೂ ಫಲ ಸಿಕ್ಕದೆ ದಣಿದುದರ ಕಾರಣ ಇದು. ದೋಷವು ಮಗುವಿನ ಕಿವಿಯದೂ ಅಲ್ಲ, ಶಿಕ್ಷಕರ ಗಂಟಲಿನದೂ ಅಲ್ಲ.

ಮೂರನೆಯದು ಬಡತನ. ಗ್ರಾಮಾಂತರ ಭಾರತದಲ್ಲಿ ನಡೆದ ‘ಅಸರ್’ ಸಮೀಕ್ಷೆಯಂತೆ, ಶಾಲೆಗೆ ಸೇರಿದ ಮಕ್ಕಳಲ್ಲಿ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದ್ದವರು 2018 ರಲ್ಲಿ ನೂರಕ್ಕೆ 36.5, 2020 ರಲ್ಲಿ ಅದು 61.8 ಕ್ಕೆ ಏರಿತು. ಏರಿದುದು ನಿಜ, ಆದರೆ ಮನೆಯಲ್ಲಿ ಫೋನು ಇರುವುದು ಬೇರೆ, ಮಗುವಿನ ಕೈಗೆ ಫೋನು ಸಿಗುವುದು ಬೇರೆ. ಇಲ್ಲಿನ ಚಿಕಲಠಾಣಾವನ್ನೇ ನೋಡಿರಿ. ಒಂದು ಕಡೆ ವಿಮಾನ ನಿಲ್ದಾಣ, ಇನ್ನೊಂದು ಕಡೆ ಕಾರಖಾನೆಗಳ ವಸಾಹತು. ಕಲಬುರಗಿ, ಬೀದರಗಳ ಕಡೆಯಿಂದ ದುಡಿಮೆಯನ್ನು ಅರಸಿ ಬಂದವರ ಮನೆಗಳಲ್ಲಿ ಇರುವುದು ಒಂದೇ ಫೋನು. ಅದು ತಂದೆಯೊಡನೆ ಪಾಳಿಗೆ ಹೋಗುವುದು. ತಂದೆ ರಾತ್ರಿ ಪಾಳಿಯಾದರೆ ಸಂಜೆಯ ಪಾಠ ತಪ್ಪುವುದು, ಹಗಲು ಪಾಳಿಯಾದರೆ ಬೆಳಗಿನ ಪಾಠ ತಪ್ಪುವುದು. ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ ಫೋನು ಮೊದಲು ಸೇರುವುದು ಅಣ್ಣನ ಕೈಯನ್ನು, ತಂಗಿಯ ಸರದಿ ಬರುವುದರೊಳಗೆ ರೀಚಾರ್ಜು ಮುಗಿದಿರುವುದು. ಹೊತ್ತಿಗೆ ಸರಿಯಾಗಿ ಪರದೆಯ ಮುಂದೆ ಕುಳಿತವರಿಗೆ ಮಾತ್ರ ಪಾಠವೆಂದರೆ, ಯಾರಿಗೆ ಪಾಠವು ಎಲ್ಲರಿಗಿಂತ ಹೆಚ್ಚು ಬೇಕಾಗಿತ್ತೋ ಅವರೇ ಹೊರಗುಳಿದರು.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಅನ್ಯಾಯವಾದೀತು. ಆ ಕಷ್ಟದ ಕಾಲವೇ ಇಂಗ್ಲಿಷ್ ಶಿಕ್ಷಕರಿಗೆ ಎರಡು ಒಳ್ಳೆಯ ಉಪಾಯಗಳನ್ನು ಕೊಟ್ಟಿತು.

ಮೊದಲನೆಯದು ಧ್ವನಿಮುದ್ರಿಕೆ. ವಾಟ್ಸಾಪಿನಲ್ಲಿ ಮಗುವು ತನ್ನ ಓದನ್ನು ಮುದ್ರಿಸಿ ಶಿಕ್ಷಕರೊಬ್ಬರಿಗೇ ಕಳಿಸಬಹುದು. ಯಾರ ಎದುರಿಗೂ ನಿಲ್ಲಬೇಕಾಗಿಲ್ಲ. ತಪ್ಪಿದರೆ ಅಳಿಸಿ ಮತ್ತೆ ಓದಬಹುದು. ಮೂರು ಸಲ, ನಾಲ್ಕು ಸಲ, ತನಗೆ ಒಪ್ಪಿಗೆಯಾಗುವವರೆಗೆ ಓದಬಹುದು. ತಂದೆಯು ಪಾಳಿಯಿಂದ ಬಂದ ಮೇಲೆ ಹತ್ತು ನಿಮಿಷ ಫೋನು ಸಿಕ್ಕರೂ ಸಾಕು. ತರಗತಿಯಲ್ಲಿ ಎರಡು ವರ್ಷ ಬಾಯಿ ತೆರೆಯದಿದ್ದ ಮಕ್ಕಳು ಹೀಗೆ ಕಳಿಸಿದ ಮುದ್ರಿಕೆಯಲ್ಲಿ ಮೊದಲ ಸಲ ತಮ್ಮ ಇಂಗ್ಲಿಷನ್ನು ಕೇಳಿಸಿದುದನ್ನು ನಾನು ಬಲ್ಲೆ. ಸಾಮೂಹಿಕ ವಾಚನದ ಮರೆಯನ್ನು ಕಳೆದುಕೊಂಡ ಮಗುವಿಗೆ ಇದು ಇನ್ನೊಂದು ಬಗೆಯ ಮರೆಯಾಯಿತು.

ಇದರ ಲೆಕ್ಕವನ್ನೂ ಮಾಡಿ ನೋಡಿರಿ. ನಲವತ್ತು ಮಕ್ಕಳಿರುವ ತರಗತಿಗೆ ನಲವತ್ತು ನಿಮಿಷದ ಒಂದು ಪಾಠ. ಶಿಕ್ಷಕರು ಅದರಲ್ಲಿ ಅರ್ಧ ಹೊತ್ತು ಮಾತನಾಡಿದರೆ ಉಳಿದುದು ಇಪ್ಪತ್ತು ನಿಮಿಷ. ಎಲ್ಲರಿಗೂ ಸಮನಾಗಿ ಹಂಚಿದರೆ ತಲೆಗೆ ಅರ್ಧ ನಿಮಿಷ. ಒಂದು ಮಗುವು ಮನೆಯಲ್ಲಿ ಎರಡು ನಿಮಿಷ ಓದಿ ಮುದ್ರಿಸಿತೆಂದರೆ ಅದು ನಾಲ್ಕು ಪಾಠಗಳಲ್ಲಿ ಸಿಗುವ ಅವಕಾಶವನ್ನು ಒಂದೇ ದಿನದಲ್ಲಿ ಪಡೆಯಿತು. ಶಿಕ್ಷಕರಿಗೆ ಇದು ಭಾರವಲ್ಲವೇ ಎಂದು ಕೇಳಬಹುದು. ಎಲ್ಲರೂ ಒಂದೇ ದಿನ ಕಳಿಸಿದರೆ ಎಂಬತ್ತು ನಿಮಿಷ ಕೇಳಬೇಕಾದೀತು, ಅದು ಭಾರವೇ. ದಿನಕ್ಕೆ ಎಂಟು ಮಕ್ಕಳಂತೆ ಸರದಿ ಇಟ್ಟರೆ ಐದು ದಿನಗಳಲ್ಲಿ ಎಲ್ಲರದೂ ಮುಗಿಯುವುದು, ದಿನಕ್ಕೆ ಬೀಳುವುದು ಹದಿನಾರು ನಿಮಿಷ. ಹದಿನಾರು ನಿಮಿಷದಲ್ಲಿ ಎಂಟು ಬಾಯಿಗಳು ತೆರೆಯುವುದಾದರೆ ಆ ಹೊತ್ತು ವ್ಯರ್ಥವಾದುದಲ್ಲ.

ಎರಡನೆಯ ಉಪಾಯವನ್ನು ಹೇಳುವ ಮೊದಲು ಬೆಂಗಳೂರಿನ ಒಂದು ಪ್ರಯೋಗವನ್ನು ನೆನೆಯಬೇಕು. 1963 ರಲ್ಲಿ ಆರಂಭವಾದ ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಆಶ್ರಯದಲ್ಲಿ, 1979 ರಿಂದ 1984 ರವರೆಗೆ, ಎನ್. ಎಸ್. ಪ್ರಭು ಅವರು ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ಹೊಸ ರೀತಿಯ ಇಂಗ್ಲಿಷ್ ಪಾಠವನ್ನು ನಡೆಸಿ ನೋಡಿದರು. ವ್ಯಾಕರಣದ ಸೂತ್ರವನ್ನು ಮೊದಲು ಹೇಳಿ ಆಮೇಲೆ ಉದಾಹರಣೆ ಕೊಡುವುದರ ಬದಲು, ಮಕ್ಕಳಿಗೆ ಒಂದು ನಕ್ಷೆಯನ್ನೋ ರೈಲಿನ ವೇಳಾಪಟ್ಟಿಯನ್ನೋ ಕೊಟ್ಟು, ಒಂದು ಸಮಸ್ಯೆಯನ್ನು ಬಿಡಿಸಲು ಹೇಳಿದರು. ಮಗುವಿನ ಮನಸ್ಸು ಅರ್ಥದ ಕಡೆ ತೊಡಗಿರುವಾಗ ಭಾಷೆಯ ರೂಪವು ತಾನಾಗಿ ಒಳಗೆ ಇಳಿಯುವುದೆಂಬುದು ಅವರ ನಂಬಿಕೆ. ಇಂಗ್ಲಿಷ್ ಬೋಧನೆಯ ಜಗತ್ತಿನಲ್ಲಿ ‘ಬೆಂಗಳೂರು ಯೋಜನೆ’ ಎಂದೇ ಹೆಸರಾದ ಈ ಪ್ರಯೋಗವನ್ನು ಕುರಿತು ಅವರು 1987 ರಲ್ಲಿ ಒಂದು ಗ್ರಂಥವನ್ನೂ ಬರೆದರು. ನಮ್ಮ ನಾಡಿನ ಬಡ ತರಗತಿಗಳಿಂದ ಹುಟ್ಟಿದ ವಿಚಾರವು ಹೊರದೇಶಗಳ ಶಿಕ್ಷಕರಿಗೂ ಪಾಠವಾಯಿತು.

ಈ ರೀತಿಗೆ ಮೊಬೈಲು ಬಹಳ ಒಗ್ಗುವುದು. ತರಗತಿಯಲ್ಲಿ ಪಕ್ಕಪಕ್ಕದಲ್ಲಿ ಕುಳಿತ ಇಬ್ಬರು ಮಕ್ಕಳಿಗೆ ‘ನಿನ್ನ ಹೆಸರೇನು?’ ಎಂದು ಇಂಗ್ಲಿಷಿನಲ್ಲಿ ಕೇಳಿಕೊಳ್ಳಿರೆಂದರೆ ಅವರು ನಗುವರು. ಹೆಸರು ಇಬ್ಬರಿಗೂ ಗೊತ್ತು. ಗೊತ್ತಿದ್ದುದನ್ನು ಕೇಳುವುದು ಆಟವೇ ಹೊರತು ಮಾತಲ್ಲ. ದೂರವಿದ್ದಾಗ ಹಾಗಿಲ್ಲ. ಚಿಕಲಠಾಣಾ, ಜಾಲನಾ, ಪರಭಣಿ ನಿಲ್ದಾಣಗಳ ಹೆಸರುಗಳುಳ್ಳ ಒಂದು ವೇಳಾಪಟ್ಟಿಯನ್ನು ಶಿಕ್ಷಕರು ತಾವೇ ರಚಿಸಿ, ಗಾಡಿ ಬರುವ ವೇಳೆಯನ್ನು ಒಬ್ಬಳಿಗೂ, ಬಿಡುವ ವೇಳೆಯನ್ನು ಇನ್ನೊಬ್ಬನಿಗೂ ಕಳಿಸಲಿ. ಒಬ್ಬರ ಪಟ್ಟಿಯನ್ನು ಇನ್ನೊಬ್ಬರು ಇಣಿಕಿ ನೋಡುವಂತಿಲ್ಲ. ‘ವಾಟ್ ಟೈಮ್ ಡಸ್ ಇಟ್ ಲೀವ್?’ ಎಂದು ಕೇಳಲೇಬೇಕು, ಇನ್ನೊಬ್ಬನು ಹೇಳಲೇಬೇಕು. ಆಗಲೇ ಪಟ್ಟಿ ಪೂರ್ಣವಾಗುವುದು. ದೂರವು ತರಗತಿಗೆ ಶತ್ರುವೆಂದು ನಾವು ತಿಳಿದಿದ್ದೆವು. ಇಲ್ಲಿ ಅದೇ ಮಾತಿಗೆ ಕಾರಣವನ್ನು ಒದಗಿಸಿತು. ಇದಕ್ಕೆ ಚಿತ್ರ ಬೇಕಿಲ್ಲ, ದುಬಾರಿ ಫೋನೂ ಬೇಕಿಲ್ಲ, ಸಾದಾ ಕರೆಯೇ ಸಾಕು.

ಇನ್ನು ಒಂದು ವಿಷಯದಲ್ಲಿ ನನ್ನ ಅಭಿಪ್ರಾಯವು ಅನೇಕರಿಗೆ ಒಪ್ಪಿಗೆಯಾಗಲಾರದೆಂದು ಬಲ್ಲೆ. ಆದರೂ ಹೇಳುವುದು ಕರ್ತವ್ಯ. ಇಂಗ್ಲಿಷ್ ಪಾಠದಲ್ಲಿ ಮಾತೃಭಾಷೆಯ ಒಂದು ಶಬ್ದವೂ ಬೀಳಕೂಡದೆಂಬ ಮತವೊಂದುಂಟು. ದುಡ್ಡು ಕಟ್ಟಿಸಿಕೊಳ್ಳುವ ಆನ್‌ಲೈನ್ ತರಗತಿಗಳು ಇದನ್ನೇ ಹೆಗ್ಗಳಿಕೆಯಾಗಿ ಸಾರುವುದನ್ನು ಕಾಣುತ್ತೇವೆ. ಎದುರಿಗಿರುವ ತರಗತಿಯಲ್ಲಿ ಈ ಮತವು ಸ್ವಲ್ಪ ಮಟ್ಟಿಗೆ ನಡೆದೀತು. ಕೈಸನ್ನೆ, ಮುಖಭಾವ, ಮೇಜಿನ ಮೇಲಿನ ವಸ್ತು ಇವೆಲ್ಲ ನೆರವಿಗೆ ಬರುವುವು. ಪರದೆಯ ಮೇಲೆ ಆ ನೆರವೆಲ್ಲ ಅಳಿದಿರುವಾಗ ಮಗುವಿಗೆ ಉಳಿಯುವ ಊರುಗೋಲು ಅದರ ಮನೆಮಾತೊಂದೇ. ಅದನ್ನೂ ಕಿತ್ತುಕೊಂಡರೆ ಮಗುವು ಮೈಕ್ ಬಂದ್ ಮಾಡಿಕೊಂಡು ಕುಳಿತುಕೊಳ್ಳದೆ ಇನ್ನೇನು ಮಾಡೀತು?

ಒಂದು ಉದಾಹರಣೆ ಕೊಡುತ್ತೇನೆ. ‘ಶಾಲೆಗೆ ಹೋಗುತ್ತೇನೆ’ ಎಂದು ಕನ್ನಡದಲ್ಲಿ ಹೇಳಿದರೆ ಸಾಕು. ಹೋಗುವವನು ನಾನೇ ಎಂಬುದನ್ನು ಕ್ರಿಯಾಪದವೇ ಹೇಳುವುದು. ಇದನ್ನೇ ನಮ್ಮ ಮಗುವು ಇಂಗ್ಲಿಷಿಗೆ ತಿರುಗಿಸಿ ‘ಗೋ ಟು ಸ್ಕೂಲ್’ ಎನ್ನುವುದು. ಆಗ ಅದು ಶಿಕ್ಷಕರನ್ನೇ ಶಾಲೆಗೆ ಹೋಗೆಂದು ಅಪ್ಪಣೆ ಮಾಡಿದಂತಾಗುವುದು! ಇಂಗ್ಲಿಷಿನ ಕ್ರಿಯಾಪದಕ್ಕೆ ನಮ್ಮ ‘ಏನೆ’, ‘ಈಯೆ’, ‘ಆನೆ’ಗಳಂಥ ಬಾಲಗಳು ಇಲ್ಲವಾದ್ದರಿಂದ ಅಲ್ಲಿ ‘ಐ’ ಎಂಬುದನ್ನು ಬಿಡಲಾಗದು. ಇದನ್ನು ಕನ್ನಡದಲ್ಲಿ ಹೇಳಲು ಒಂದು ನಿಮಿಷ ಸಾಕು. ಮಗು ನಗುತ್ತದೆ, ನಕ್ಕುದನ್ನು ಮರೆಯುವುದಿಲ್ಲ. ಇಂಗ್ಲಿಷಿನಲ್ಲೇ ವಿವರಿಸಹೊರಟರೆ ವಾರವಾದರೂ ಮುಗಿಯದು. ಹಾಗೆಯೇ ‘ಮನೆಯಲ್ಲಿ’, ‘ಬಸ್ಸಿನಲ್ಲಿ’, ‘ನಿಲ್ದಾಣದಲ್ಲಿ’ ಎಂದು ನಮ್ಮ ‘ಅಲ್ಲಿ’ ಒಂದೇ ಎಲ್ಲ ಕೆಲಸವನ್ನೂ ಮಾಡಿ, ಶಬ್ದದ ಬೆನ್ನಿಗೆ ಬಂದು ನಿಲ್ಲುವುದು. ಇಂಗ್ಲಿಷಿನಲ್ಲಿ ‘ಇನ್’, ‘ಆನ್’, ‘ಅಟ್’ ಎಂದು ಮೂವರು ಆಳುಗಳು ಬೇಕು, ಮೂವರೂ ಶಬ್ದದ ಮುಂದೆ ನಡೆಯುವವರು. ಎರಡು ಭಾಷೆಗಳ ನಡತೆಯನ್ನು ಹೀಗೆ ಪಕ್ಕಪಕ್ಕದಲ್ಲಿಟ್ಟು ತೋರಿಸಬಲ್ಲವರು ಎರಡನ್ನೂ ಬಲ್ಲ ಶಿಕ್ಷಕರು ಮಾತ್ರ.

ಇದಕ್ಕೆ ಮಹಾರಾಷ್ಟ್ರದಲ್ಲಿಯೇ ಒಂದು ನಿದರ್ಶನವುಂಟು. ಸೋಲಾಪುರ ಜಿಲ್ಲೆಯ ಪರಿತೇವಾಡಿಯ ಜಿಲ್ಲಾ ಪರಿಷತ್ ಶಾಲೆಯ ಶಿಕ್ಷಕರಾಗಿದ್ದ ರಂಜಿತ್‌ಸಿಂಹ ಡಿಸಳೆ ಅವರಿಗೆ 2020 ರ ಡಿಸೆಂಬರ್ 3 ರಂದು ಜಾಗತಿಕ ಶಿಕ್ಷಕ ಪ್ರಶಸ್ತಿಯು ಘೋಷಿತವಾಯಿತು. ಹತ್ತು ಲಕ್ಷ ಡಾಲರುಗಳ ಆ ಪ್ರಶಸ್ತಿಯ ಅರ್ಧವನ್ನು ಅವರು ಅಂತಿಮ ಸುತ್ತಿಗೆ ಬಂದಿದ್ದ ಉಳಿದ ಒಂಬತ್ತು ಶಿಕ್ಷಕರಿಗೆ ಹಂಚಿದರು. ಪಠ್ಯಪುಸ್ತಕಗಳಿಗೆ ಕ್ಯೂಆರ್ ಸಂಕೇತಗಳನ್ನು ಅಂಟಿಸಿ, ಮೊಬೈಲಿನಲ್ಲಿ ಪಾಠವನ್ನು ಕೇಳುವಂತೆ ಮಾಡಿದುದಕ್ಕಾಗಿ ಅವರನ್ನು ಲೋಕವೆಲ್ಲ ಕೊಂಡಾಡಿತು. ಆದರೆ ಪ್ರಶಸ್ತಿ ಕೊಟ್ಟವರ ವಿವರಣೆಯಲ್ಲಿ ಇನ್ನೊಂದು ಮಾತೂ ಇತ್ತು: ಪಠ್ಯವು ಮಕ್ಕಳ ಮನೆಮಾತಿನಲ್ಲಿ ಇಲ್ಲದಿರುವುದನ್ನು ಕಂಡು ಅವರು ಆ ಮಾತನ್ನು ಕಲಿತು ಪುಸ್ತಕಗಳನ್ನು ಅದಕ್ಕೆ ತಿರುಗಿಸಿದರು ಎಂದು. ಆ ಮನೆಮಾತು ಕನ್ನಡವೆಂದು ಪತ್ರಿಕೆಗಳು ಬರೆದುವು. ಯಂತ್ರವು ಜನರ ಕಣ್ಣಿಗೆ ಬಿದ್ದಿತು. ಅದಕ್ಕೆ ಬುನಾದಿಯಾದ ಮನೆಮಾತು ಕಣ್ಣಿಗೆ ಬೀಳಲಿಲ್ಲ.

ಕನ್ನಡವೂ ಇಂಗ್ಲಿಷೂ ಸವತಿಯರಂತೆ ಕಾದಾಡಬೇಕೆಂಬ ವಿಧಿಯೇನೂ ಇಲ್ಲ. 1926 ರಲ್ಲಿ ‘ಇಂಗ್ಲಿಷ್ ಗೀತಗಳು’ ಸಂಕಲನವನ್ನು ಹೊರತಂದು ಹೊಸಗನ್ನಡ ಕವಿತೆಗೆ ದಾರಿ ತೋರಿದ ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲಿಷಿನ ಪ್ರಾಧ್ಯಾಪಕರು. 1958 ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದವರಲ್ಲಿ ಕನ್ನಡದ ಕವಿ ವಿನಾಯಕ ಕೃಷ್ಣ ಗೋಕಾಕರೂ ಒಬ್ಬರು. ಭಾರತದ ಇಂಗ್ಲಿಷ್ ಶಿಕ್ಷಕರಿಗೆ ದಾರಿ ತೋರುವ ಸಂಸ್ಥೆಯನ್ನು ಕನ್ನಡದಲ್ಲಿ ಬರೆಯುವ ಕವಿಯೊಬ್ಬರು ನಡೆಸಿದರೆಂಬುದನ್ನು ನಮ್ಮ ಮಕ್ಕಳು ನೆನಪಿಡಬೇಕು. ಅವರಂಥ ದೊಡ್ಡವರ ಮಾತಿರಲಿ. ಐದನೆಯ ತರಗತಿಯಲ್ಲಿ ಮೊದಲ ಸಲ ಇಂಗ್ಲಿಷ್ ಅಕ್ಷರ ತಿದ್ದಿ, ಕನ್ನಡ ಮಾಧ್ಯಮದಲ್ಲಿಯೇ ಮೆಟ್ರಿಕ್ ಮುಗಿಸಿದ ನನ್ನಂಥ ಸಾಮಾನ್ಯರೂ ಇಂಗ್ಲಿಷನ್ನು ಹೇಳಿ ಹೊಟ್ಟೆ ಹೊರೆಯುತ್ತಿರುವೆವು. ಅಡಿಪಾಯ ಕನ್ನಡದ್ದಾದರೆ ಮೇಲಿನ ಮಾಳಿಗೆ ಕುಸಿಯುವುದೆಂಬ ಭಯ ಬೇಡ.

ಹಾಗಾದರೆ ಮುಂದೆ ಮಾಡಬೇಕಾದುದೇನು? ನನ್ನ ಅಭಿಪ್ರಾಯವನ್ನು ಮೂರು ಮಾತುಗಳಲ್ಲಿ ಹೇಳುವೆನು. ಒಂದನೆಯದಾಗಿ, ಶಾಲೆ ತೆರೆದಿರುವ ಈ ದಿನಗಳಲ್ಲಿ ತರಗತಿಯ ಹೊತ್ತನ್ನು ಪರದೆಗೆ ಕೊಡಬಾರದು. ಸಾಮೂಹಿಕ ವಾಚನ, ತುಟಿ ತೋರಿಸಿ ಉಚ್ಚಾರ ತಿದ್ದುವುದು, ಮುಖ ನೋಡಿ ಅಂಜಿಕೆಯನ್ನು ಅರಿಯುವುದು, ಇವು ನಾಲ್ಕು ಗೋಡೆಗಳ ನಡುವೆ ಮಾತ್ರ ಸಿಗುವ ಭಾಗ್ಯಗಳು. ಅವನ್ನು ಅಲ್ಲಿಯೇ ಸೂರೆಗೊಳ್ಳಬೇಕು. ಎರಡನೆಯದಾಗಿ, ಮೊಬೈಲನ್ನು ಮನೆಯ ಕೆಲಸಕ್ಕೆ, ಅದೂ ಮಗುವಿನ ಬಾಯಿ ತೆರೆಸುವ ಕೆಲಸಕ್ಕೆ ಮಾತ್ರ ಹಚ್ಚಬೇಕು. ವಾರಕ್ಕೊಂದು ಎರಡು ನಿಮಿಷದ ಓದು, ಹದಿನೈದು ದಿನಕ್ಕೊಂದು ಜೊತೆಗಾರರ ಸಂಭಾಷಣೆ ಸಾಕು. ಫೋನಿಲ್ಲದ ಮಗುವು ಮಧ್ಯಾಹ್ನದ ಬಿಡುವಿನಲ್ಲಿ ಶಾಲೆಯ ಫೋನಿನಲ್ಲಿಯೇ ಓದಿ ಮುದ್ರಿಸುವಂತೆ ಏರ್ಪಾಡಾಗಬೇಕು. ಇದಕ್ಕೆ ದೊಡ್ಡ ವೆಚ್ಚವೇನೂ ಇಲ್ಲ. ಮೂರನೆಯದಾಗಿ, ಸಂದೇಹವನ್ನು ಕನ್ನಡದಲ್ಲಿ ಕೇಳಿದ ಮಗುವನ್ನು ಯಾರೂ ಗದರಿಸಬಾರದು. ಪ್ರಶ್ನೆ ಕನ್ನಡದಲ್ಲಿ ಬರಲಿ, ಉತ್ತರವು ಮೆಲ್ಲಮೆಲ್ಲನೆ ಇಂಗ್ಲಿಷಿಗೆ ಸಾಗಲಿ.

ಮಾತನಾಡುವ ಯಂತ್ರಗಳ ವಿಷಯದಲ್ಲಿಯೂ ಇದೇ ಅಳತೆಗೋಲು ಸಾಕು. ಅದರೊಡನೆ ಕಳೆದ ಅರ್ಧ ಗಂಟೆಯಲ್ಲಿ ನಿಮ್ಮ ದನಿ ಎಷ್ಟು ಹೊತ್ತು ಕೇಳಿಸಿತು? ಹೆಚ್ಚು ಕೇಳಿಸಿದ್ದರೆ ಅದು ಉಪಕಾರಿ. ನೀವು ಬರಿಯ ಪ್ರೇಕ್ಷಕರಾಗಿ ಕುಳಿತಿದ್ದರೆ ಅದು ಎಷ್ಟೇ ದುಬಾರಿಯಾಗಿದ್ದರೂ ಬಾನುಲಿಯೇ ಸರಿ. ಅಷ್ಟಕ್ಕೆ ತಂದೆಯ ಪಾಳಿಯ ಕೂಲಿಯನ್ನು ಕಟ್ಟಬೇಕಾಗಿಲ್ಲ.

ವಿದ್ಯಾರ್ಥಿಮಿತ್ರರೇ, ನೀವು ಈಗಾಗಲೇ ಬಹುಭಾಷಿಗಳು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಪೇಟೆಯಲ್ಲಿ ಹಿಂದಿ. ಈ ಮೂರರಲ್ಲಿ ಮರಾಠಿ ಹಿಂದಿಗಳನ್ನು ನೀವು ಯಾವ ವ್ಯಾಕರಣದ ಪುಸ್ತಕದಿಂದ ಕಲಿತಿರಿ? ತಪ್ಪಾದರೂ ಆಡಿದಿರಿ, ಆಡಿದ್ದರಿಂದ ಬಂದಿತು. ಗೆಳೆಯರು ನಕ್ಕರೆ ನೀವೂ ನಕ್ಕು ಮತ್ತೆ ಆಡಿದಿರಿ. ಇಂಗ್ಲಿಷಿನೆದುರು ಮಾತ್ರ ಏಕೆ ತುಟಿ ಬಿಗಿಯಬೇಕು? ಅದೂ ಮನುಷ್ಯರೇ ಆಡುವ ಒಂದು ಮಾತು. ನಿಮ್ಮ ಮೊದಲ ನೂರು ವಾಕ್ಯಗಳು ತಪ್ಪಾಗುವುವು; ಆಗಲಿ. ಆ ನೂರನ್ನು ಬೇಗ ಆಡಿ ಮುಗಿಸಿದವರಿಗೆ ನೂರೊಂದನೆಯದು ಬೇಗ ದಕ್ಕುವುದು. ಇಂದು ಸಂಜೆ ಪುಸ್ತಕದ ಒಂದು ಪುಟವನ್ನು ಗಟ್ಟಿಯಾಗಿ ಓದಿರಿ. ಫೋನು ಸಿಕ್ಕರೆ ಫೋನಿಗೆ, ಸಿಗದಿದ್ದರೆ ಗೋಡೆಗೆ, ಇಲ್ಲವೆ ತಂಗಿಗೆ. ಅರ್ಥವಾಗದ ಕಡೆಯಲ್ಲಿ ಗುರುತು ಹಾಕಿ, ನಾಳೆ ನಿಮ್ಮ ಶಿಕ್ಷಕರನ್ನು ಕನ್ನಡದಲ್ಲಿಯೇ ಕೇಳಿರಿ. ನಿಮ್ಮ ದನಿಗಳಿಂದ ನಮ್ಮ ತರಗತಿಗಳು ತುಂಬಲಿ ಎಂದು ಹಾರೈಸುತ್ತೇನೆ.